ಕಿಡ್ನಿ ಕಸಿಯ ಆಂಟಿಬಾಡಿ ಇಂಜೆಕ್ಷನ್: ಟಿ ಕೋಶಕ್ಕೆ ಏನಾಗುತ್ತದೆ, ಆಮೇಲೆ ಏನೇನು ನೋಡಿಕೊಳ್ಳಬೇಕು

ಕಿಡ್ನಿ ಕಸಿಯಾದವರ ಮನೆಯಲ್ಲಿ ಕ್ರಿಯಾಟಿನಿನ್ ಎಷ್ಟು ಅಂತ ಕೇಳಿದರೆ ಎಲ್ಲರಿಗೂ ಬಾಯಿಪಾಠ. ದಿನಾ ನುಂಗುವ ಟ್ಯಾಕ್ರೊಲಿಮಸ್ ಮಾತ್ರೆ ರಕ್ತದಲ್ಲಿ ಎಷ್ಟಿದೆ ಎಂಬ ಲೆವೆಲ್ ಕೂಡ ಗೊತ್ತಿರುತ್ತದೆ. ಆಪರೇಷನ್ ದಿನ ಕೊಟ್ಟ ಇಂಡಕ್ಷನ್ ಇಂಜೆಕ್ಷನ್ ಯಾವುದು ಅಂದರೆ ಮಾತ್ರ ‘ಅದೇ, ಆ ದುಬಾರಿದು’ ಅನ್ನುವಲ್ಲಿಗೆ ಉತ್ತರ ಮುಗಿಯುತ್ತದೆ. ಮುಂದಿನ ಒಂದು ವರ್ಷದಲ್ಲಿ ಜ್ವರ ಬಂದರೆ ಎಷ್ಟು ಅವಸರಪಡಬೇಕು, ಯಾವ ಮಾತ್ರೆ ಎಷ್ಟು ತಿಂಗಳು ನುಂಗಬೇಕು, ಲಸಿಕೆ ಯಾವಾಗ, ಯಾವ ರಕ್ತಪರೀಕ್ಷೆಯನ್ನು ನಂಬಬೇಕು ಎಂಬುದನ್ನೆಲ್ಲ ತೀರ್ಮಾನಿಸುವಾಗ ಆ ಒಂದು ಹೆಸರು ಬೇಕಾಗುತ್ತದೆ. ಈ ಇಂಜೆಕ್ಷನ್ನಿನಲ್ಲಿರುವುದು ಆಂಟಿಬಾಡಿ. ಕೆಲವು ಆಂಟಿಬಾಡಿಗಳು ಟಿ ಕೋಶ ಎಂಬ ಬಿಳಿ ರಕ್ತಕಣವನ್ನು ಸುಮ್ಮನಿರಿಸುತ್ತವೆ, ಕೆಲವು ಕೊಂದೇಹಾಕುತ್ತವೆ. ಈ ಎರಡರ ನಡುವೆ ತಿಂಗಳುಗಟ್ಟಲೆ ವ್ಯತ್ಯಾಸವಿದೆ.

ಈ ಲೇಖನ ಬೆಂಗಳೂರಿನಲ್ಲಿ ಕಸಿಗೆ ಕಾಯುತ್ತಿರುವವರಿಗೆ, ಕಸಿಯಾದವರಿಗೆ, ಅವರನ್ನು ನೋಡಿಕೊಳ್ಳುವವರಿಗೆ. ಇಲ್ಲಿರುವ ಡೋಸ್‌ಗಳು ನಿಮ್ಮ ಫೈಲನ್ನು ಓದಿ ಅರ್ಥಮಾಡಿಕೊಳ್ಳಲಿಕ್ಕೆ ಮಾತ್ರ. ನಿಮ್ಮ ನೆಫ್ರಾಲಜಿಸ್ಟ್ ಹೇಳದೆ ಯಾವ ಮಾತ್ರೆಯನ್ನೂ ಏರಿಸಬೇಡಿ, ಇಳಿಸಬೇಡಿ.

ಮೊದಲು ಟಿ ಕೋಶದ ವಿಷಯ

ಹೊಸ ಕಿಡ್ನಿಯನ್ನು ಪರಕೀಯ ಎಂದು ಗುರುತಿಸಿ ದಾಳಿ ಶುರುಮಾಡುವುದು ಟಿ ಕೋಶ. ಅದು ಪೂರ್ತಿ ಎಚ್ಚೆತ್ತುಕೊಳ್ಳಲು ಮೂರು ಸಂಕೇತ ಬೇಕು. ಒಂದನೆಯದು, ಅದರ ಮೈಮೇಲಿನ ಗ್ರಾಹಕಕ್ಕೆ ದಾನಿಯ ಎಚ್‌ಎಲ್‌ಎ (ಕೋಶಗಳ ಮೇಲಿರುವ ಗುರುತಿನ ಪ್ರೋಟೀನ್) ತಗುಲುವುದು. ಆ ಸುದ್ದಿ ಸಿಡಿ3 ಎಂಬ ಅಣುವಿನ ಮೂಲಕ ಒಳಕ್ಕೆ ಹೋಗುತ್ತದೆ. ಎರಡನೆಯದು, ಸಿಡಿ28ಕ್ಕೆ ಎದುರಿನ ಕೋಶದ ಸಿಡಿ80, ಸಿಡಿ86 ಸೇರುವುದು. ಮೂರನೆಯದು, ಐಎಲ್-2 ಎಂಬ ರಾಸಾಯನಿಕ. ಅದು ಸಿಡಿ25 ಇರುವ ಗ್ರಾಹಕಕ್ಕೆ ಕೂತಾಗ ಒಂದು ಟಿ ಕೋಶ ಸಾವಿರಾರಾಗುತ್ತದೆ. ನೀವು ದಿನಾ ನುಂಗುವ ಟ್ಯಾಕ್ರೊಲಿಮಸ್ ಒಂದನೇ ಸಂಕೇತ ಮುಂದುವರಿಯದಂತೆ ನೋಡಿಕೊಳ್ಳುತ್ತದೆ. ಮೈಕೊಫಿನೊಲೇಟ್ ಕೋಶ ವಿಭಜನೆಗೆ ಬೇಕಾದ ಸಾಮಗ್ರಿಯನ್ನೇ ತಡೆಯುತ್ತದೆ. ಆದರೆ ಮಾತ್ರೆಗಳ ಲೆವೆಲ್ ಸರಿಹೋಗಲು ಕೆಲವು ದಿನ ಬೇಕು, ಕಿಡ್ನಿಯ ಮೇಲೆ ದಾಳಿಯ ಅಪಾಯ ಹೆಚ್ಚಿರುವುದೂ ಆ ಮೊದಲ ವಾರಗಳಲ್ಲೇ. ಆ ಸಂದಿಯನ್ನು ತುಂಬಲು ಕೊಡುವುದೇ ಇಂಡಕ್ಷನ್.

ಹೆಜ್ಜೆ 1: ಹೆಸರು, ಬ್ರಾಂಡ್, ಡೋಸ್, ದಿನಾಂಕ ಬರೆದಿಟ್ಟುಕೊಳ್ಳಿ

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಇಂಡಕ್ಷನ್’ ಎಂಬ ಸಾಲು ಹುಡುಕಿ. ಬರೀ ‘ಇಂಡಕ್ಷನ್ ಕೊಡಲಾಗಿದೆ’ ಎಂದಿದ್ದರೆ ಸಾಲದು, ಆಸ್ಪತ್ರೆಯಿಂದ ಹೊರಡುವ ಮೊದಲೇ ಔಷಧದ ಹೆಸರು, ಬ್ರಾಂಡ್, ಪ್ರತಿ ಡೋಸಿನ ಮಿಲಿಗ್ರಾಂ, ದಿನಾಂಕ ಬರೆಸಿಕೊಳ್ಳಿ. ವಯಲ್ ಮೇಲಿನ ಬ್ಯಾಚ್ ಸ್ಟಿಕ್ಕರ್ ಸಿಕ್ಕರೆ ಅದನ್ನೂ ಅಂಟಿಸಿಕೊಳ್ಳಿ. ಆಗದಿದ್ದರೆ ಫಾರ್ಮಸಿ ಬಿಲ್ಲಿನ ಫೋಟೊ ಸಾಕು.

ಬ್ರಾಂಡ್ ಯಾಕೆ? ಎಟಿಜಿ ಎಂದು ಕರೆಯುವ ಔಷಧ ಬೇರೆಬೇರೆ ರೀತಿಯಲ್ಲಿ ತಯಾರಾಗುತ್ತದೆ. ಮನುಷ್ಯರ ಥೈಮಸ್ ಕೋಶಗಳನ್ನು ಮೊಲಕ್ಕೆ ಚುಚ್ಚಿ ತಯಾರಿಸಿದ ಥೈಮೊಗ್ಲೋಬ್ಯುಲಿನ್ ಒಂದು. ಜರ್ಕಟ್ ಎಂಬ ಟಿ ಕೋಶ ಸಂತತಿಯನ್ನು ಬಳಸಿ ಮಾಡಿದ ಗ್ರಾಫಲಾನ್ ಇನ್ನೊಂದು. ಎರಡರ ಮಿಲಿಗ್ರಾಂ ಲೆಕ್ಕ ಒಂದಕ್ಕೊಂದು ಸಮವಲ್ಲ. ಥೈಮೊಗ್ಲೋಬ್ಯುಲಿನ್ ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 1ರಿಂದ 1.5 ಮಿಲಿಗ್ರಾಂ, ಗ್ರಾಫಲಾನ್ ಅದರ ಎಷ್ಟೋ ಪಟ್ಟು. ಬರೀ ‘ಎಟಿಜಿ’ ಎಂದು ಬರೆದ ಚೀಟಿ ನೋಡಿ ಮುಂದಿನ ವೈದ್ಯರು ಏನನ್ನೂ ಅಂದಾಜು ಮಾಡಲಾರರು.

ಹೆಜ್ಜೆ 2: ನಿಮ್ಮದು ತಡೆಯುವುದೋ, ಕೊಲ್ಲುವುದೋ ತಿಳಿದುಕೊಳ್ಳಿ

ಬ್ಯಾಸಿಲಿಕ್ಸಿಮ್ಯಾಬ್ ತಡೆಯುವ ಜಾತಿಯದು. ಅಪ್ಪಟ ಮೊನೊಕ್ಲೋನಲ್ ಆಂಟಿಬಾಡಿ, ಅಂದರೆ ಒಂದೇ ಗುರಿಯದು, ಸಿಡಿ25ರ ಮೇಲೆ ಮಾತ್ರ ಕೂರುತ್ತದೆ. ವಯಸ್ಕರಿಗೆ 20 ಮಿಲಿಗ್ರಾಂ ಆಪರೇಷನ್ನಿಗೆ ಮೊದಲಿನ ಎರಡು ಗಂಟೆಯೊಳಗೆ, ಇನ್ನೊಂದು 20 ಮಿಲಿಗ್ರಾಂ ನಾಲ್ಕನೇ ದಿನ. 35 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ 10 ಮತ್ತು 10. ವಿಶ್ರಾಂತಿಯಲ್ಲಿರುವ ಟಿ ಕೋಶಗಳ ಮೇಲೆ ಈ ಸಿಡಿ25 ಹೆಚ್ಚುಕಡಿಮೆ ಇರುವುದೇ ಇಲ್ಲ, ಕೆರಳಿದ ಮೇಲೆ ಮೂಡುತ್ತದೆ. ಹಾಗಾಗಿ ಈ ಔಷಧ ಒಟ್ಟು ಟಿ ಕೋಶಗಳ ಸಂಖ್ಯೆಯನ್ನು ಇಳಿಸುವುದಿಲ್ಲ, ಬಾಗಿಲಿಗೆ ಅಗಳಿ ಹಾಕಿದಂತೆ ಐಎಲ್-2 ಒಳಬರದಂತೆ ನೋಡಿಕೊಳ್ಳುತ್ತದೆ ಅಷ್ಟೆ. ಜೊತೆಗಿರುವ ಮಾತ್ರೆಗಳನ್ನು ಅವಲಂಬಿಸಿ ಈ ತಡೆ ಸುಮಾರು ಒಂದರಿಂದ ಎರಡು ತಿಂಗಳು ಉಳಿಯುತ್ತದೆ. ಒಂದು ಕೊರತೆಯೂ ಇದೆ: ದಾಳಿಯನ್ನು ತಣಿಸುವ ರೆಗ್ಯುಲೇಟರಿ ಟಿ ಕೋಶಗಳ ಮೇಲೂ ಸಿಡಿ25 ಇರುತ್ತದೆ, ಅವಕ್ಕೂ ತಡೆ ಬೀಳುತ್ತದೆ.

ಎಟಿಜಿ ಕೊಲ್ಲುವ ಜಾತಿ. ಇದನ್ನು ಮೊನೊಕ್ಲೋನಲ್ ಪಟ್ಟಿಗೆ ಸೇರಿಸಿ ಮಾತಾಡುವುದು ರೂಢಿ, ಆದರೆ ಅದು ಪಾಲಿಕ್ಲೋನಲ್: ಒಂದೇ ಗುರಿಯ ಆಂಟಿಬಾಡಿಯಲ್ಲ, ಹಲವು ಗುರಿಗಳ ಆಂಟಿಬಾಡಿಗಳ ಮಿಶ್ರಣ. ಒಂದು ದಿನದೊಳಗೆ ರಕ್ತದಲ್ಲಿನ ಟಿ ಕೋಶಗಳು ನೆಲಕಚ್ಚುತ್ತವೆ. ಆಂಟಿಬಾಡಿ ತಯಾರಿಗೆ ಬೇಕಾದ ಬಿ ಕೋಶ, ಸೋಂಕಿನ ವಿರುದ್ಧ ಹೋರಾಡುವ ಎನ್‌ಕೆ ಕೋಶ, ಪ್ಲೇಟ್‌ಲೆಟ್‌ಗಳಿಗೂ ಸ್ವಲ್ಪ ಪೆಟ್ಟು ಬೀಳುತ್ತದೆ.

ಅಲೆಮ್‌ಟುಜುಮ್ಯಾಬ್ ಕೊಲ್ಲುವ ಜಾತಿಯ ನಿಜವಾದ ಮೊನೊಕ್ಲೋನಲ್. ಗುರಿ ಸಿಡಿ52, ಅದು ಟಿ, ಬಿ ಎರಡರ ಮೇಲೂ ಇದೆ. ಕಸಿಯಲ್ಲಿ ಹೆಚ್ಚಾಗಿ 30 ಮಿಲಿಗ್ರಾಂ ಒಂದೇ ಡೋಸ್. ಬಿ ಕೋಶಗಳು ಬೇಗ ಮರಳುತ್ತವೆ. ಸಿಡಿ4 ಟಿ ಕೋಶಗಳು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಬಾರದೆ ಇರಬಹುದು.

ರಿಟುಕ್ಸಿಮ್ಯಾಬ್ ಸಿಡಿ20ರ ಮೇಲೆ ಕೂತು ಬಿ ಕೋಶಗಳನ್ನು ಅಳಿಸುತ್ತದೆ. ರಕ್ತದ ಗುಂಪು ಹೊಂದದ ದಾನಿಯಿಂದ ಕಸಿ ಮಾಡುವಾಗ ಬಳಕೆಯಾಗುತ್ತದೆ. ಟಿ ಕೋಶಗಳ ಮೇಲೆ ನೇರ ಪರಿಣಾಮ ಕಡಿಮೆ. ಬೆಲಾಟಾಸೆಪ್ಟ್ ಎರಡನೇ ಸಂಕೇತವನ್ನು ತಡೆಯುತ್ತದೆ, ಆದರೆ ಅದು ಆಂಟಿಬಾಡಿಯಲ್ಲ, ಫ್ಯೂಷನ್ ಪ್ರೋಟೀನ್. ಎಪ್‌ಸ್ಟೀನ್-ಬಾರ್ ವೈರಸ್ ಹಿಂದೆ ತಗುಲಿರದವರಿಗೆ ಅದನ್ನು ಕೊಡುವಂತಿಲ್ಲ.

ಈ ವಂಶದ ಮೊದಲನೆಯದು ಓಕೆಟಿ3, ಇಲಿಯ ಆಂಟಿಬಾಡಿ. ಅಮೆರಿಕದಲ್ಲಿ 1986ರಲ್ಲಿ ಅನುಮತಿ ಸಿಕ್ಕಿತು; ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಪಡೆದ ಮೊದಲ ಮೊನೊಕ್ಲೋನಲ್ ಅದೇ. ಸಿಡಿ3ಕ್ಕೆ ಕೂತೊಡನೆ ಟಿ ಕೋಶವನ್ನು ಸಾಯಿಸುವ ಮೊದಲು ಒಮ್ಮೆ ಕೆರಳಿಸಿಬಿಡುತ್ತಿತ್ತು. ಚಳಿಜ್ವರ, ಬಿಪಿ ಕುಸಿತ, ಶ್ವಾಸಕೋಶದಲ್ಲಿ ನೀರು ಇವೆಲ್ಲ ಮೊದಲ ಡೋಸಿಗೇ ಕಾಣಿಸುತ್ತಿದ್ದವು. ಇಲಿಯ ಪ್ರೋಟೀನ್ ವಿರುದ್ಧ ದೇಹವೇ ಆಂಟಿಬಾಡಿ ಮಾಡಿಕೊಂಡು ಔಷಧ ಕೆಲಸ ಮಾಡದಂತೆಯೂ ಆಗುತ್ತಿತ್ತು. ಈಗ ಅದು ಮಾರುಕಟ್ಟೆಯಲ್ಲಿಲ್ಲ. ಆದರೆ ಇಂದಿಗೂ ಎಟಿಜಿಗೆ ಮೊದಲು ಸ್ಟೀರಾಯ್ಡ್ ಕೊಡುವ ಕಾರಣ ಅರ್ಥವಾಗಬೇಕಾದರೆ ಈ ಕಥೆ ಬೇಕು.

ಯಾರಿಗೆ ಯಾವುದು? ರಿಜೆಕ್ಷನ್ (ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುವುದು) ಅಪಾಯ ಕಡಿಮೆ ಇರುವವರಿಗೆ ಬ್ಯಾಸಿಲಿಕ್ಸಿಮ್ಯಾಬ್. ಎರಡನೇ ಕಸಿ, ಹಿಂದೆ ರಕ್ತ ಪಡೆದು ಅಥವಾ ಬಸಿರಿನಿಂದಾಗಿ ಎಚ್‌ಎಲ್‌ಎ ಆಂಟಿಬಾಡಿ ಬೆಳೆದವರು, ಎಚ್‌ಎಲ್‌ಎ ಹೆಚ್ಚು ಹೊಂದದ ದಾನಿ, ಇಂಥ ಕಡೆ ಎಟಿಜಿ. ‘ಜೋರಾದ ಇಂಜೆಕ್ಷನ್ನೇ ಹಾಕಿ ಡಾಕ್ಟ್ರೇ’ ಎಂದು ಮನೆಯವರು ಒತ್ತಾಯ ಮಾಡುವುದಿದೆ. ಅದು ಒಳ್ಳೆಯ ಸಲಹೆಯಲ್ಲ. ಅಪಾಯ ಕಡಿಮೆ ಇರುವ ರೋಗಿಗೆ ಟಿ ಕೋಶ ಅಳಿಸಿದರೆ ಸಿಗುವ ಲಾಭ ಸಣ್ಣದು, ಸೋಂಕಿನ ಸಾಲ ಮಾತ್ರ ದೊಡ್ಡದು.

ಹೆಜ್ಜೆ 3: ಇಂಜೆಕ್ಷನ್ನಿಗೆ ಮೊದಲೇ ಮುಗಿಸಬೇಕಾದ ಪರೀಕ್ಷೆಗಳು

ಮನೆಯವರೇ ದಾನಿಯಾದರೆ ಸಮಯವಿರುತ್ತದೆ. ಕರ್ನಾಟಕದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಕಾಯುತ್ತಿರುವವರಿಗೆ ಕರೆ ನಡುರಾತ್ರಿ ಬರಬಹುದು, ಆಗ ಕೈಯಲ್ಲಿರುವುದು ಕೆಲವೇ ಗಂಟೆ. ಅಂಥವರು ಈ ಕೆಳಗಿನದನ್ನು ಫೈಲಿನಲ್ಲಿ ಸಿದ್ಧವಾಗಿಟ್ಟಿರಬೇಕು.

ಕ್ಷಯದ ಇಗ್ರಾ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದೂ ಅದೇ. ನಿಮ್ಮ ಟಿ ಕೋಶಗಳು ಕ್ಷಯದ ಪ್ರೋಟೀನ್ ಕಂಡು ಇಂಟರ್‌ಫೆರಾನ್ ಗಾಮಾ ಬಿಡುತ್ತವೆಯೇ ಎಂದು ಅದು ಅಳೆಯುತ್ತದೆ. ಎಟಿಜಿ ಆದಮೇಲೆ ಮಾಡಿಸಿದರೆ ಪ್ರತಿಕ್ರಿಯಿಸಲು ಟಿ ಕೋಶಗಳೇ ಇಲ್ಲ. ಟಿ ಕೋಶಗಳು ಕೆಲಸ ಮಾಡುತ್ತಿವೆಯೇ ಎಂದು ತಾಳೆ ನೋಡುವ ಮೈಟೊಜೆನ್ ಕಂಟ್ರೋಲ್ ಟ್ಯೂಬಿನಲ್ಲೂ ಪ್ರತಿಕ್ರಿಯೆ ಏಳುವುದಿಲ್ಲ, ‘ಇಂಡಿಟರ್ಮಿನೇಟ್’ ಎಂದು ರಿಪೋರ್ಟ್ ಬರುತ್ತದೆ. ಅದನ್ನು ‘ನೆಗೆಟಿವ್’ ಎಂದು ಓದಿಕೊಳ್ಳುವುದು ಅಪಾಯ. ಕೈಮೇಲೆ ಚುಚ್ಚುವ ಮ್ಯಾಂಟೂ ಪರೀಕ್ಷೆಗೂ ಇದೇ ಮಿತಿ.

ಹೆಪಟೈಟಿಸ್ ಬಿಗೆ ಸರ್ಫೇಸ್ ಆಂಟಿಜೆನ್ ಒಂದೇ ಸಾಲದು, ಕೋರ್ ಆಂಟಿಬಾಡಿಯನ್ನೂ ನೋಡಿಸಿ. ರಿಟುಕ್ಸಿಮ್ಯಾಬ್ ಕೊಡುವವರಲ್ಲಿ ಎಂದೋ ಬಂದು ಅಡಗಿದ್ದ ವೈರಸ್ ಮತ್ತೆ ಎದ್ದು ಲಿವರ್ ಕೆಡಿಸಬಲ್ಲದು. ಸಿಎಂವಿ (ಸೈಟೊಮೆಗಾಲೊವೈರಸ್) ಹಿಂದೆ ತಗುಲಿತ್ತೇ ಎಂದು ತೋರಿಸುವ ಐಜಿಜಿ ಪರೀಕ್ಷೆ ದಾನಿಗೂ ರೋಗಿಗೂ ಇಬ್ಬರಿಗೂ ಬೇಕು. ಬರಿಗಾಲಲ್ಲಿ ಹೊಲಗದ್ದೆ ಕೆಲಸ ಮಾಡಿದವರು ಸ್ಟ್ರಾಂಜಿಲಾಯ್ಡಿಸ್ ಹುಳುವಿನ ಬಗ್ಗೆ ವೈದ್ಯರಲ್ಲಿ ಕೇಳಿ. ಸ್ಟೀರಾಯ್ಡ್ ಶುರುವಾದ ಮೇಲೆ ಆ ಹುಳು ಮೈಯೆಲ್ಲ ಹರಡಬಲ್ಲದು, ಮೊದಲೇ ಐವರ್‌ಮೆಕ್ಟಿನ್ ಕೊಟ್ಟರೆ ಮುಗಿಯುತ್ತದೆ.

ಚಿಕನ್‌ಪಾಕ್ಸ್, ಎಂಎಂಆರ್‌ನಂಥ ಜೀವಂತ ಲಸಿಕೆಗಳು ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲು ಮುಗಿದಿರಬೇಕು. ಕಸಿಯಾದ ಮೇಲೆ ಅವು ನಿಷಿದ್ಧ.

ಹೆಜ್ಜೆ 4: ಇಂಜೆಕ್ಷನ್ ದಿನ

ಹೊರಗಿನ ಫಾರ್ಮಸಿಯಿಂದ ವಯಲ್ ತರಲು ಹೇಳಿದರೆ ಥರ್ಮೋಕೋಲ್ ಡಬ್ಬಿ, ಐಸ್ ಪ್ಯಾಕ್ ಜೊತೆ ಹೋಗಿ. ಈ ಔಷಧಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ಆದ್ದರಿಂದ ವಯಲ್ಲನ್ನು ಐಸಿಗೆ ನೇರ ತಾಗಿಸದೆ ನಡುವೆ ಬಟ್ಟೆ ಅಥವಾ ರಟ್ಟು ಇಡಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೋ ಹೇಳಲಾಗದು.

ಬ್ಯಾಸಿಲಿಕ್ಸಿಮ್ಯಾಬ್ ಸಾಮಾನ್ಯವಾಗಿ 20–30 ನಿಮಿಷದ ಡ್ರಿಪ್, ಗದ್ದಲವಿಲ್ಲದೆ ಮುಗಿಯುತ್ತದೆ. ಎಟಿಜಿ ಹಾಗಲ್ಲ. ಒಂದು ಗಂಟೆ ಮೊದಲು ಸ್ಟೀರಾಯ್ಡ್, ಪ್ಯಾರಸಿಟಮಾಲ್, ಅಲರ್ಜಿ ಔಷಧ ಕೊಡುತ್ತಾರೆ. ದೊಡ್ಡ ರಕ್ತನಾಳದ ಮೂಲಕ ಮೊದಲ ಡೋಸ್ ಕನಿಷ್ಠ 6 ಗಂಟೆ, ಮುಂದಿನವು ಕನಿಷ್ಠ 4 ಗಂಟೆ ಹರಿಸುತ್ತಾರೆ. ನಡುಕ, ಜ್ವರ, ಎದೆಬಿಗಿತ ಬಂದರೆ ಸುಮ್ಮನೆ ಸಹಿಸಬೇಡಿ. ಸಾಯುತ್ತಿರುವ ಟಿ ಕೋಶಗಳು ಸೈಟೊಕೈನ್ ಎಂಬ ಉರಿಯೂತದ ರಾಸಾಯನಿಕ ಚೆಲ್ಲುವುದರಿಂದ ಹೀಗಾಗುತ್ತದೆ, ಡ್ರಿಪ್ಪಿನ ವೇಗ ಇಳಿಸಿದರೆ ಬಹುತೇಕ ತಗ್ಗುತ್ತದೆ. ಹಿಂದೆ ಮೊಲ ಸಾಕಿದ್ದು, ಮೊಲದಿಂದ ಅಲರ್ಜಿಯಾದದ್ದು ಇದ್ದರೆ ಮೊದಲೇ ಹೇಳಿ.

ಪ್ರತಿ ದಿನದ ಡೋಸಿಗೆ ಮೊದಲು ರಕ್ತಕಣಗಳ ಕೌಂಟ್ ನೋಡುತ್ತಾರೆ. ಥೈಮೊಗ್ಲೋಬ್ಯುಲಿನ್‌ಗೆ ನಿಯಮ ಹೀಗಿದೆ: ಬಿಳಿ ರಕ್ತಕಣ 2,000–3,000 ಅಥವಾ ಪ್ಲೇಟ್‌ಲೆಟ್ 50,000–75,000 ಇದ್ದರೆ ಡೋಸ್ ಅರ್ಧಕ್ಕೆ, ಅದಕ್ಕೂ ಕೆಳಗಿಳಿದರೆ ನಿಲ್ಲಿಸುವ ಯೋಚನೆ. ನಿಮಗೆ ಮೂರರ ಬದಲು ಎರಡೇ ಡೋಸ್ ಆಗಿದ್ದರೆ ಯಾರೋ ಮರೆತರು ಎಂದುಕೊಳ್ಳಬೇಡಿ, ಕಾರಣ ಇದೇ ಇರಬಹುದು, ಕೇಳಿ ಬರೆದುಕೊಳ್ಳಿ.

ಮನೆಗೆ ಬಂದಮೇಲೆ, ಮೊದಲ ಡೋಸಿನಿಂದ ಒಂದೆರಡು ವಾರಕ್ಕೆ ಜ್ವರ, ಮೈಮೇಲೆ ದದ್ದು, ಕೀಲುನೋವು, ಅದರಲ್ಲೂ ದವಡೆಯ ಕೀಲು ಹಿಡಿದುಕೊಂಡಂತಾದರೆ ಅದು ಸೀರಮ್ ಸಿಕ್‌ನೆಸ್ ಇರಬಹುದು. ಮೊಲದ ಪ್ರೋಟೀನ್ ವಿರುದ್ಧ ದೇಹ ತೋರುವ ಸಿಟ್ಟು ಅದು. ಬಾಯಿ ತೆರೆಯಲಾಗುತ್ತಿಲ್ಲ ಅಂತ ಹಲ್ಲಿನ ಡಾಕ್ಟರ ಹತ್ತಿರ ಓಡುವವರಿದ್ದಾರೆ. ಕಸಿ ತಂಡಕ್ಕೆ ಫೋನ್ ಮಾಡಿ.

ಹೆಜ್ಜೆ 5: ರಿಪೋರ್ಟಿನಲ್ಲಿ ಲಿಂಫೊಸೈಟ್ ಲೆಕ್ಕ ಮಾಡಿ

ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟಿನಲ್ಲಿ ಲಿಂಫೊಸೈಟ್ ಶೇಕಡಾ ಎಂದಿರುತ್ತದೆ; ಟಿ, ಬಿ ಕೋಶಗಳು ಸೇರಿದ ಬಿಳಿ ಕಣಗಳ ಗುಂಪೇ ಲಿಂಫೊಸೈಟ್, ಅದನ್ನು ಮಾತ್ರ ನೋಡಿದರೆ ದಾರಿ ತಪ್ಪುತ್ತೀರಿ. ಒಟ್ಟು ಬಿಳಿ ಕಣವನ್ನು ಆ ಶೇಕಡಾದಿಂದ ಗುಣಿಸಿ 100ರಿಂದ ಭಾಗಿಸಿ. ಒಟ್ಟು 5,200, ಲಿಂಫೊಸೈಟ್ ಶೇ. 8 ಇದ್ದರೆ 416. ವಯಸ್ಕರಲ್ಲಿ ಸಾಮಾನ್ಯವಾಗಿ 1,000ಕ್ಕಿಂತ ಮೇಲಿರಬೇಕು. ಎಟಿಜಿ ಪಡೆದವರಲ್ಲಿ ಮೊದಲ ವಾರಗಳಲ್ಲಿ ಇದು ತೀರಾ ಕೆಳಗಿರುವುದು ನಿರೀಕ್ಷಿತ. ಬರೀ ಬ್ಯಾಸಿಲಿಕ್ಸಿಮ್ಯಾಬ್ ಪಡೆದವರಲ್ಲಿ ಎರಡು ತಿಂಗಳ ಮೇಲೂ ಹೀಗೇ ಇದ್ದರೆ ಇಂಡಕ್ಷನ್ನಿನ ತಲೆಗೆ ಕಟ್ಟಬೇಡಿ, ಮಾತ್ರೆಗಳು ಅಥವಾ ವೈರಸ್ ಕಾರಣವಿರಬಹುದು. ಸ್ಟೀರಾಯ್ಡ್ ನುಂಗಿದ ಕೆಲವೇ ಗಂಟೆಗಳಲ್ಲಿ ಲಿಂಫೊಸೈಟ್‌ಗಳು ರಕ್ತ ಬಿಟ್ಟು ಬೇರೆಡೆ ಸರಿಯುತ್ತವೆ. ಆದ್ದರಿಂದ ಪ್ರತಿ ಸಲ ಒಂದೇ ಹೊತ್ತಿಗೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡುವುದು ಮೇಲು.

ಸಿಡಿ3, ಸಿಡಿ4 ಎಣಿಕೆ ಫ್ಲೋ ಸೈಟೊಮೆಟ್ರಿಯಿಂದ ಆಗುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಕೋಣೆಯ ಉಷ್ಣತೆ, ಫ್ರಿಜ್ ಬೇಡ, ಆದಷ್ಟು ಅದೇ ದಿನ ಲ್ಯಾಬಿಗೆ. ಮನೆಗೆ ಬಂದು ರಕ್ತ ತೆಗೆಯುವ ಹುಡುಗರು ಎಲ್ಲ ಟ್ಯೂಬನ್ನೂ ಒಂದೇ ಐಸ್ ಪೆಟ್ಟಿಗೆಗೆ ಹಾಕಿಬಿಡುತ್ತಾರೆ, ಇದನ್ನು ಬೇರೆ ಇಡಲು ಹೇಳಿ. ಸಿಡಿ4 ಎಣಿಕೆ 200ರ ಕೆಳಗಿದ್ದರೆ ನ್ಯೂಮೊಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾದ ಭಯ ಹೆಚ್ಚು.

ಎಣಿಕೆ ಏರಿತು ಅಂದಮಾತ್ರಕ್ಕೆ ಹಳೆಯ ಸೈನ್ಯ ಮರಳಿತು ಎಂದಲ್ಲ. ಅಳಿದುಳಿದ ಟಿ ಕೋಶಗಳು ಮೊದಲು ತಾವೇ ಇಮ್ಮಡಿಯಾಗುತ್ತ ಜಾಗ ತುಂಬುತ್ತವೆ, ಅವುಗಳಲ್ಲಿ ಹೆಚ್ಚಿನವು ನೆನಪಿನ ಕೋಶಗಳು. ಹೊಸ ವೈರಸ್ಸನ್ನು ಮೊದಲ ಸಲ ಗುರುತಿಸಬಲ್ಲ ಕೋಶಗಳು ಥೈಮಸ್‌ನಿಂದಲೇ ಬರಬೇಕು, ವಯಸ್ಸಾದವರಲ್ಲಿ ಆ ಗ್ರಂಥಿ ಕುಗ್ಗಿರುತ್ತದೆ. ನೆನಪಿನ ಕೋಶಗಳು ಇಂಡಕ್ಷನ್ನಿಗೆ ಸುಲಭವಾಗಿ ಬಗ್ಗುವುದೂ ಇಲ್ಲ. ಅದಕ್ಕೇ ಸೋಂಕು ಮತ್ತು ರಿಜೆಕ್ಷನ್ ಒಬ್ಬರಲ್ಲೇ ಒಟ್ಟಿಗೆ ಕಾಣಿಸುವುದುಂಟು.

ಹೆಜ್ಜೆ 6: ಕಾವಲು ಮಾತ್ರೆಗಳನ್ನು ಮಧ್ಯದಲ್ಲಿ ಬಿಡಬೇಡಿ

ನ್ಯೂಮೊಸಿಸ್ಟಿಸ್ ತಡೆಯಲು ಕೋಟ್ರೈಮಾಕ್ಸಜೋಲ್, ಸಾಮಾನ್ಯವಾಗಿ ಆರು ತಿಂಗಳು, ಎಟಿಜಿ ಆದವರಿಗೆ ಕೆಲವೊಮ್ಮೆ ಇನ್ನೂ ಹೆಚ್ಚು. ಇದು ಪೊಟ್ಯಾಸಿಯಂ ಏರಿಸುತ್ತದೆ, ಕಿಡ್ನಿಗೆ ಏನೂ ಆಗದಿದ್ದರೂ ಕ್ರಿಯಾಟಿನಿನ್ ಸ್ವಲ್ಪ ಏರಿದಂತೆ ತೋರಿಸುತ್ತದೆ. ಸಲ್ಫಾ ಅಲರ್ಜಿ ಇದ್ದರೆ ಇದರ ಬದಲು ಡ್ಯಾಪ್ಸೋನ್ ಕೊಡುವ ಮುನ್ನ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಬೇಕು.

ಸಿಎಂವಿ ತಡೆಯಲು ವ್ಯಾಲ್‌ಗ್ಯಾನ್ಸಿಕ್ಲೊವಿರ್. ಪೂರ್ಣ ಡೋಸ್ ದಿನಕ್ಕೆ 900 ಮಿಲಿಗ್ರಾಂ, ಕಿಡ್ನಿಯ ಕೆಲಸಕ್ಕೆ ತಕ್ಕಂತೆ ಇಳಿಸುತ್ತಾರೆ. ಹೆಚ್ಚಿನವರಿಗೆ ಮೂರು ತಿಂಗಳು. ದಾನಿಗೆ ಸಿಎಂವಿ ಇದ್ದು ರೋಗಿಗೆ ಇಲ್ಲದಿದ್ದರೆ ಆರು. ತೊಂದರೆ ಶುರುವಾಗುವುದು ಎರಡನೇ, ಮೂರನೇ ತಿಂಗಳಲ್ಲಿ: ಇದೂ ಮೈಕೊಫಿನೊಲೇಟೂ ಸೇರಿ ಬಿಳಿ ಕಣ ಇಳಿಸುತ್ತವೆ. ಆಗ ಮಾತ್ರೆ ದುಬಾರಿ ಎಂದು ಅರ್ಧ ಮಾಡಿಕೊಂಡು ನುಂಗುವವರಿದ್ದಾರೆ. ಕಡಿಮೆ ಡೋಸಿನಲ್ಲಿ ವೈರಸ್ ಸಾಯದೆ ಔಷಧಕ್ಕೆ ಪಳಗುತ್ತದೆ, ಆಮೇಲೆ ಬೇಕಾಗುವ ಔಷಧ ಇನ್ನೂ ದುಬಾರಿ, ಕಿಡ್ನಿಗೂ ಕೆಟ್ಟದ್ದು. ಖರ್ಚಿನ ತೊಂದರೆ ಇದ್ದರೆ ಬಿಪಿಎಲ್ ಕುಟುಂಬಗಳು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಅಂಗ ಕಸಿ ಯೋಜನೆಯ ಬಗ್ಗೆ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಲಿ. ಕೋರ್ಸ್ ಮುಗಿದ ಮುಂದಿನ ಮೂರು ತಿಂಗಳು ಸುಸ್ತು, ಭೇದಿ, ಜ್ವರದ ಮೇಲೆ ಕಣ್ಣಿಡಿ. ಸಿಎಂವಿ ತಡವಾಗಿ ಏಳುವುದು ಆಗಲೇ.

ರಿಜೆಕ್ಷನ್ ಆಗಿ ಮತ್ತೆ ಎಟಿಜಿ ಕೊಟ್ಟರೆ ಗಡಿಯಾರ ಸೊನ್ನೆಯಿಂದ ಶುರು: ಈ ಎರಡೂ ಮಾತ್ರೆಗಳನ್ನು ಮತ್ತೆ ಆರಂಭಿಸಬೇಕೇ ಎಂದು ಕೇಳಿಯೇ ಮನೆಗೆ ಬನ್ನಿ. ಕಸಿ ಕಿಡ್ನಿಯನ್ನು ಕೆಡಿಸಬಲ್ಲ ಬಿಕೆ ವೈರಸ್ಸಿಗೆ ಮಾತ್ರೆಯಿಲ್ಲ. ಮೊದಲ ತಿಂಗಳುಗಳಲ್ಲಿ ಪ್ರತಿ ತಿಂಗಳು ಪಿಸಿಆರ್ ಮಾಡಿಸಿ, ಏರಿದರೆ ರೋಗನಿರೋಧ ತಗ್ಗಿಸುವ ಮಾತ್ರೆಗಳನ್ನು ವೈದ್ಯರು ಇಳಿಸುತ್ತಾರೆ.

ಹೆಜ್ಜೆ 7: ಲೆವೆಲ್ ಕೆಡಿಸುವ ಸಂಗತಿಗಳು

ಬೆಳಿಗ್ಗೆ 9, ರಾತ್ರಿ 9ಕ್ಕೆ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರು ರಕ್ತ ಕೊಡಬೇಕಾದದ್ದು 9ಕ್ಕೆ ಸ್ವಲ್ಪ ಮೊದಲು. ಟ್ರಾಫಿಕ್ಕಿಗೆ ಹೆದರಿ 6.30ಕ್ಕೇ ಕೊಟ್ಟರೆ ಲೆವೆಲ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ವೈದ್ಯರು ಡೋಸ್ ಇಳಿಸುತ್ತಾರೆ, ಟಿ ಕೋಶಕ್ಕೆ ಅದೇ ಅವಕಾಶ. ಮಾತ್ರೆ ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟಮೇಲೆ ನುಂಗಿ.

ದೇವನಹಳ್ಳಿ ಚಕ್ಕೋತ ನಮ್ಮ ಹೆಮ್ಮೆ, ಆದರೆ ಟ್ಯಾಕ್ರೊಲಿಮಸ್ ನುಂಗುವವರಿಗಲ್ಲ. ಕರುಳಿನಲ್ಲಿ ಔಷಧ ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ, ಲೆವೆಲ್ ಏರುತ್ತದೆ. ಫ್ಲುಕೊನಜೋಲ್, ಕ್ಲಾರಿತ್ರೊಮೈಸಿನ್, ಡಿಲ್ಟಿಯಾಜೆಮ್ ಸಹ ಏರಿಸುತ್ತವೆ. ರಿಫಾಂಪಿಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್ ಇಳಿಸುತ್ತವೆ. ಅಮೃತಬಳ್ಳಿ ಕಷಾಯ, ‘ಇಮ್ಯುನಿಟಿ ಬೂಸ್ಟರ್’ ಪುಡಿಗಳನ್ನು ಪ್ರೀತಿಯಿಂದ ತಂದುಕೊಡುವ ನೆಂಟರಿಗೆ ನಯವಾಗಿ ಬೇಡವೆನ್ನಿ. ಸಾವಿರಾರು ರೂಪಾಯಿ ಕೊಟ್ಟು ಮಲಗಿಸಿದ್ದನ್ನೇ ಎಬ್ಬಿಸುವುದು ಅವುಗಳ ಉದ್ದೇಶ.

ಹೆಜ್ಜೆ 8: ಜ್ವರ ಬಂದರೆ

100.4 ಫ್ಯಾರನ್‌ಹೀಟ್ ಮುಟ್ಟಿದರೆ ಅಂದೇ ಕಸಿ ತಂಡಕ್ಕೆ ತಿಳಿಸಿ. ಟಿ ಕೋಶ ಅಳಿಸಿದ ಮೊದಲ ಆರು ತಿಂಗಳಲ್ಲಿ ‘ನಾಳೆ ನೋಡೋಣ’ ಬೇಡ. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುವುದರಿಂದ 99.5ರ ಜೊತೆ ಉಬ್ಬಸ, ಒಣಕೆಮ್ಮು, ಭೇದಿ ಇದ್ದರೂ ಹೋಗಿ. ಪ್ಯಾರಸಿಟಮಾಲ್ ಸರಿ, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡಿ. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೋ, ಎಟಿಜಿಯೋ, ವ್ಯಾಲ್‌ಗ್ಯಾನ್ಸಿಕ್ಲೊವಿರ್ರೋ ಎಂದು ಬಡಾವಣೆಯ ಕ್ಲಿನಿಕ್ಕಿನಲ್ಲಿ ಹೇಳಲು ಕಷ್ಟ. ಹೆಜ್ಜೆ 1ರ ಚೀಟಿ ತೋರಿಸಿ. ಬಾಲ್ಕನಿಯ ಪಾರಿವಾಳದ ಹಿಕ್ಕೆ ಗುಡಿಸುವುದು, ಪಕ್ಕದ ಸೈಟಿನಲ್ಲಿ ಗೋಡೆ ಒಡೆಯುವಾಗ ನಿಂತು ನೋಡುವುದು ಎರಡೂ ಶಿಲೀಂಧ್ರಕ್ಕೆ ಆಹ್ವಾನ.

ಲಸಿಕೆ: ಫ್ಲೂ ಲಸಿಕೆ ಒಂದು ತಿಂಗಳ ನಂತರ ಕೊಡಬಹುದು, ಉಳಿದ ನಿರ್ಜೀವ ಲಸಿಕೆಗಳು 3ರಿಂದ 6 ತಿಂಗಳ ಮೇಲೆ. ರಿಟುಕ್ಸಿಮ್ಯಾಬ್ ಆದವರಿಗೆ ಆರು ತಿಂಗಳೊಳಗೆ ಕೊಟ್ಟರೆ ಫಲ ಅಷ್ಟಕ್ಕಷ್ಟೆ. ಮನೆಯಲ್ಲಿ ಮೊಮ್ಮಗುವಿಗೆ ಪೋಲಿಯೊ ಹನಿ ಹಾಕಿಸಿದರೆ ಅದರ ಮಲದಲ್ಲಿ ಜೀವಂತ ವೈರಸ್ ಕೆಲವು ವಾರ ಹೊರಬರುತ್ತದೆ. ಒಂದೂವರೆ ತಿಂಗಳು ಡೈಪರ್ ಬದಲಿಸುವ ಕೆಲಸ ಬೇರೆಯವರದಾಗಲಿ.

ಹೆಜ್ಜೆ 9: ವರ್ಷಗಳ ನಂತರ ಬರುವ ಬೇರೆ ಆಂಟಿಬಾಡಿಗಳು

ಎಲ್ಲ ಮೊನೊಕ್ಲೋನಲ್‌ಗಳೂ ಟಿ ಕೋಶವನ್ನು ತಗ್ಗಿಸುವುದಿಲ್ಲ. ಕ್ಯಾನ್ಸರಿಗೆ ಕೊಡುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಪಿಡಿ-1 ಎಂಬ ಬ್ರೇಕನ್ನು ಬಿಡಿಸಿ ಟಿ ಕೋಶಗಳನ್ನು ಹರಿಯಬಿಡುತ್ತವೆ. ಗೆಡ್ಡೆಯ ಮೇಲೆ ಬೀಳುವ ಕೋಶಗಳು ಕಸಿ ಕಿಡ್ನಿಯ ಮೇಲೂ ಬೀಳಬಹುದು. ಪ್ರಕಟವಾದ ಅನುಭವದಲ್ಲಿ ಕಿಡ್ನಿ ಕಸಿಯಾದ ಹತ್ತರಲ್ಲಿ ಸುಮಾರು ನಾಲ್ವರಿಗೆ ರಿಜೆಕ್ಷನ್ ಆಗಿದೆ. ಕ್ಯಾನ್ಸರ್ ವೈದ್ಯರು ಮತ್ತು ನೆಫ್ರಾಲಜಿಸ್ಟ್ ಮೊದಲ ಡೋಸಿಗೆ ಮುನ್ನ ಮಾತಾಡಿಕೊಳ್ಳಲೇಬೇಕು. ಇಬ್ಬರೂ ಬೇರೆ ಆಸ್ಪತ್ರೆಯವರಾದರೆ ಆ ಮಾತು ಆಗುವಂತೆ ನೋಡಿಕೊಳ್ಳುವುದು ನಿಮ್ಮ ಪಾಲಿಗೇ ಬೀಳುತ್ತದೆ.

ಎರಡನೇ ಕಸಿಗೆ ಕ್ರಾಸ್‌ಮ್ಯಾಚ್ (ನಿಮ್ಮ ರಕ್ತದ ಆಂಟಿಬಾಡಿ ದಾನಿಯ ಕೋಶಕ್ಕೆ ಅಂಟುತ್ತದೆಯೇ ಎಂಬ ಪರೀಕ್ಷೆ) ಮಾಡಿಸುವವರು ಲ್ಯಾಬಿನ ಫಾರಂನಲ್ಲಿ ಇತ್ತೀಚೆಗೆ ಪಡೆದ ಆಂಟಿಬಾಡಿ, ಕೊನೆಯ ಡೋಸಿನ ದಿನಾಂಕ ಬರೆಯಿರಿ. ರಿಟುಕ್ಸಿಮ್ಯಾಬ್ ರಕ್ತದಲ್ಲಿ ಉಳಿದಿದ್ದರೆ ದಾನಿಯ ಬಿ ಕೋಶಗಳಿಗೆ ತಾನೇ ಅಂಟಿ ಬಿ ಸೆಲ್ ಕ್ರಾಸ್‌ಮ್ಯಾಚನ್ನು ಸುಳ್ಳು ಪಾಸಿಟಿವ್ ಮಾಡುತ್ತದೆ. ಎಟಿಜಿ, ಅಲೆಮ್‌ಟುಜುಮ್ಯಾಬ್ ಟಿ ಕೋಶಗಳಿಗೂ ಹಾಗೆಯೇ ಅಂಟಬಲ್ಲವು. ಮೊದಲೇ ತಿಳಿದಿದ್ದರೆ ಲ್ಯಾಬಿನವರು ದಾನಿಯ ಕೋಶಗಳಿಗೆ ಪ್ರೊನೇಸ್ ಎಂಬ ಕಿಣ್ವ ಹಾಕಿ ಸಿಡಿ20 ತೆಗೆದು ಮತ್ತೆ ನೋಡುತ್ತಾರೆ, ಎಚ್‌ಎಲ್‌ಎ ಆಂಟಿಬಾಡಿಗಳನ್ನು ಒಂದೊಂದಾಗಿ ಗುರುತಿಸುವ ಸಿಂಗಲ್ ಆಂಟಿಜೆನ್ ಬೀಡ್ ಪರೀಕ್ಷೆಯ ಜೊತೆ ತಾಳೆ ಹಾಕುತ್ತಾರೆ. ತಿಳಿಯದಿದ್ದರೆ ಹೊಂದುವ ದಾನಿಯನ್ನೇ ಹೊಂದದು ಎಂದು ಬಿಟ್ಟುಬಿಡುವ ಸಾಧ್ಯತೆ ಇದೆ.